ಆರ್ಕೇಡ್ ಕ್ಯಾಬಿನೆಟ್: ಲೈಟ್ ಹಾಕಿದರೆ ಮಾರ್ಕೀ ಬಿಳಿಚಿಕೊಳ್ಳುತ್ತದೆ, ಸೈಡ್ ಆರ್ಟ್‌ನ ನೀಲಿ ನೇರಳೆಯಾಗಿದೆ

ಪ್ರಶ್ನೆ

ನಮಸ್ಕಾರ. ಎಂಡಿಎಫ್ ಹಲಗೆಯಲ್ಲಿ ಒಂದು ಆರ್ಕೇಡ್ ಕ್ಯಾಬಿನೆಟ್ (ನಿಂತು ಆಡುವ ವಿಡಿಯೊ ಗೇಮ್ ಪೆಟ್ಟಿಗೆ) ಕಟ್ಟಿದ್ದೇನೆ. ಮರಗೆಲಸ, ವೈರಿಂಗ್ ಎರಡೂ ಮುಗಿದಿವೆ. ಚಿತ್ರಗಳನ್ನೂ ನಾನೇ ಬಿಡಿಸಿದೆ. ಪ್ರಿಂಟ್ ಮಾಡಿಸಿ ತಂದ ಮೇಲೆ ತೊಂದರೆ ಶುರುವಾಗಿದೆ.

ಮಾರ್ಕೀ, ಅಂದರೆ ಮೇಲ್ಗಡೆ ಆಟದ ಹೆಸರಿರುವ ಫಲಕ, ಹಗಲಲ್ಲಿ ಚೆನ್ನಾಗಿ ಕಾಣುತ್ತದೆ. ಹಿಂದಿನ ಎಲ್‌ಇಡಿ ಪಟ್ಟಿ ಹಚ್ಚಿದ ಕೂಡಲೇ ಕೆಂಪು ಕಿತ್ತಳೆಯಾಗುತ್ತದೆ, ಕಪ್ಪು ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ಸಾಲಾಗಿ ಬಿಳಿ ಚುಕ್ಕೆಗಳು ಬೇರೆ. ಸೈಡ್ ಆರ್ಟ್‌ನಲ್ಲಿ (ಪಕ್ಕದ ಹಲಗೆಯ ಚಿತ್ರದಲ್ಲಿ) ರಾತ್ರಿ ಆಕಾಶಕ್ಕೆ ಹಾಕಿದ್ದ ಗಾಢ ನೀಲಿ ನೇರಳೆಯಾಗಿ ಬಂದಿದೆ. ಹತ್ತಿರ ಹೋದರೆ ಇಡೀ ಚಿತ್ರ ಮಸುಕು. ಫೈಲಿನ ಎತ್ತರ 1920 ಪಿಕ್ಸೆಲ್, ಕ್ಯಾಬಿನೆಟ್ಟಿನ ಎತ್ತರ 170 ಸೆಂ.ಮೀ. ಮತ್ತೆ ಪ್ರಿಂಟ್‌ಗೆ ಕೊಡುವ ಮೊದಲು ಎಲ್ಲಿ ತಪ್ಪಿದೆ ಅಂತ ತಿಳಿಯಬೇಕು. ದಯವಿಟ್ಟು ಹೇಳಿ.

ಉತ್ತರ

ಮೊದಲು ಮಾರ್ಕೀ ನೋಡೋಣ. ಮಾಮೂಲಿ ಪ್ರಿಂಟ್‌ನಲ್ಲಿ ಬೆಳಕು ಮುಂದಿನಿಂದ ಬಿದ್ದು, ಶಾಯಿಯನ್ನು ದಾಟಿ, ಹಿಂದಿನ ಬಿಳಿಗೆ ತಾಗಿ ವಾಪಸ್ ಬರುತ್ತದೆ. ಅಂದರೆ ಶಾಯಿಯನ್ನು ಎರಡು ಸಲ ದಾಟುತ್ತದೆ. ಹಿಂದಿನಿಂದ ಲೈಟ್ ಬಂದಾಗ ಒಂದೇ ಸಲ. ಅದಕ್ಕೇ ಅದೇ ಬಣ್ಣ ಅರ್ಧಕ್ಕರ್ಧ ತೆಳುವಾಗಿ ಕಾಣುತ್ತದೆ. ನಿಮ್ಮ ಡಿಸೈನ್ ತಪ್ಪಲ್ಲ, ಶಾಯಿ ಸಾಲದು ಅಷ್ಟೇ.

ಖಚಿತ ಮಾಡಿಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಅದೇ ಮಾರ್ಕೀಯ ಇನ್ನೊಂದು ಪ್ರತಿ ಇದ್ದರೆ ಮೊದಲನೆಯದರ ಹಿಂದೆ ಗೆರೆಗೆ ಗೆರೆ ಕೂಡುವಂತೆ ಇಟ್ಟು ಲೈಟ್ ಹಾಕಿ. ಕೆಂಪು ಮತ್ತೆ ಕೆಂಪಾದರೆ ಕಾರಣ ಸಿಕ್ಕಿತು ಅಂತ ಅರ್ಥ.

ಬಿಳಿ ಚುಕ್ಕೆಗೆ ಕಾರಣವೇ ಬೇರೆ. ಎಲ್‌ಇಡಿಗಳು ಚಿತ್ರಕ್ಕೆ ತೀರಾ ಹತ್ತಿರ ಇವೆ. ಎರಡು ಎಲ್‌ಇಡಿಗಳ ನಡುವೆ ಎಷ್ಟು ಅಂತರ ಇದೆಯೋ, ಅವುಗಳಿಂದ ಚಿತ್ರಕ್ಕೆ ಕನಿಷ್ಠ ಅಷ್ಟಾದರೂ ದೂರ ಇರಲಿ. ನಡುವೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಇಡಿ.

ಪ್ರಶ್ನೆ ಕೇಳಿದವರು

ಪರೀಕ್ಷೆ ಮಾಡಿದೆ. ಎರಡು ಪ್ರತಿ ಸೇರಿಸಿದಾಗ ಕೆಂಪು ಸರಿಯಾಯಿತು! ಕಪ್ಪು ಕೂಡ ಎಷ್ಟೋ ವಾಸಿ, ಆದರೆ ಪೂರ್ತಿ ಕಪ್ಪಾಗಿಲ್ಲ. ಇದಕ್ಕೇನು ಮಾಡಲಿ?

ಉತ್ತರ

ಬ್ಯಾಕ್‌ಲಿಟ್ ಫಿಲ್ಮ್ (ಹಿಂದಿನಿಂದ ಬೆಳಕು ಬೀಳುವ ಚಿತ್ರಗಳಿಗೆ ಬಳಸುವ ಹಾಳೆ) ಮೇಲೆ ಎರಡು ಪದರ ಶಾಯಿ ಹಾಕಿಕೊಡಿ ಅಂತ ಪ್ರಿಂಟ್ ಮಾಡುವವರಿಗೆ ಹೇಳಿ. ಕಪ್ಪಿಗೆ ನಾನು ಮಾಡುವುದು ಹೀಗೆ: ಕಪ್ಪು ಕಾರ್ಡ್ ಹಾಳೆಯಲ್ಲಿ ಅಕ್ಷರ ಮತ್ತು ಚಿತ್ರದ ಜಾಗವನ್ನು ಮಾತ್ರ ಕತ್ತರಿಸಿ ತೆಗೆದು, ಆ ಹಾಳೆಯನ್ನು ಮಾರ್ಕೀಯ ಹಿಂಬದಿಗೆ ಒತ್ತಿ ಕೂರಿಸುತ್ತೇನೆ. ಕಿಂಡಿಯನ್ನು ಅಕ್ಷರಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿ, ಇಲ್ಲದಿದ್ದರೆ ಅಂಚಿನಲ್ಲಿ ನೆರಳು ಬರುತ್ತದೆ. ಕತ್ತಲಲ್ಲಿ ಹೆಸರು ಮಾತ್ರ ಹೊಳೆಯುತ್ತದೆ. ಅದನ್ನು ಮೊದಲ ಸಲ ನೋಡುವ ಖುಷಿಯೇ ಬೇರೆ.

ಇನ್ನೊಬ್ಬರ ಉತ್ತರ

ಸೈಡ್ ಆರ್ಟ್ ಬಗ್ಗೆ ನಾನು ಹೇಳುತ್ತೇನೆ. 1920 ಪಿಕ್ಸೆಲ್ಲನ್ನು 170 ಸೆಂ.ಮೀ.ಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 29 ಪಿಕ್ಸೆಲ್ ಮಾತ್ರ ಉಳಿಯುತ್ತದೆ. ಸೈಡ್ ಆರ್ಟ್‌ಗೆ 150 ಇದ್ದರೆ ಸಾಕು, ಅಂದರೆ ಎತ್ತರ ಸುಮಾರು 10,000 ಪಿಕ್ಸೆಲ್ ಬೇಕು. ಇರುವ ಫೈಲನ್ನು ಸುಮ್ನೆ ದೊಡ್ಡದು ಮಾಡಿದರೆ ಮಸುಕು ಕೂಡ ದೊಡ್ಡದಾಗುತ್ತದೆ. ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆಗಳನ್ನು ಬಿಡಿಸುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಅದನ್ನು ಕೆಳಗಿನ ಪದರದಲ್ಲಿಟ್ಟು, ಮೇಲೆ ಪೆನ್ ಟೂಲ್‌ನಿಂದ ಮತ್ತೆ ಬಿಡಿಸಿ. ತಂತ್ರಾಂಶವೇ ಗೆರೆ ಎಳೆಯುವ ಆಟೋ ಟ್ರೇಸ್ ನಂಬಬೇಡಿ, ಶೇಡ್ ಇರುವ ಕಡೆಯೆಲ್ಲ ಕಲೆ ಕಲೆಯಾಗುತ್ತದೆ.

ಶೇಡ್ ಬಿಟ್ಟು ಐದಾರು ಗಟ್ಟಿ ಬಣ್ಣಗಳಲ್ಲೇ ಬಿಡಿಸಿ ನೋಡಿ. 1980ರ ಸುಮಾರಿನ ಎಷ್ಟೋ ಕ್ಯಾಬಿನೆಟ್‌ಗಳ ಪಕ್ಕದ ಚಿತ್ರ ಸ್ಕ್ರೀನ್ ಪ್ರಿಂಟ್ ಅಥವಾ ಸ್ಟೆನ್ಸಿಲ್‌ನಲ್ಲಿ ಮಾಡಿದ್ದು. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕಿತ್ತು, ಹಾಗಾಗಿ ಬಣ್ಣ ಕಡಿಮೆ, ಗೆರೆ ದಪ್ಪ. ನಮ್ಮ ಕಣ್ಣಿಗೆ ಅದು ಇವತ್ತಿಗೂ ಆರ್ಕೇಡ್ ಅನ್ನಿಸುವುದು ಅದಕ್ಕೇ, ಅಲ್ವಾ?

ನೀಲಿಯ ವಿಷಯ. ಪರದೆಯ ಅಪ್ಪಟ ನೀಲಿಯನ್ನು ಸಿಎಂವೈಕೆಗೆ (ಪ್ರಿಂಟ್‌ನ ನಾಲ್ಕು ಶಾಯಿಗಳು: ಹಸಿರುನೀಲಿ ಸಿಯಾನ್, ಕಡುಗುಲಾಬಿ ಮೆಜೆಂಟಾ, ಹಳದಿ, ಕಪ್ಪು) ಬದಲಾಯಿಸಿದಾಗ ಸಿಯಾನ್, ಮೆಜೆಂಟಾ ಎರಡೂ ಹೆಚ್ಚುಕಡಿಮೆ ಸಮವಾಗಿ ಬೀಳುತ್ತವೆ. ಕಾಗದದ ಮೇಲೆ ಅದು ನೇರಳೆ. ಮೆಜೆಂಟಾ ಯಾವಾಗಲೂ ಸಿಯಾನ್‌ಗಿಂತ ಕನಿಷ್ಠ 30 ಶೇಕಡಾ ಅಂಶ ಕಡಿಮೆ ಇರಲಿ. ನಿಮ್ಮ ಆಕಾಶಕ್ಕೆ ಸಿಯಾನ್ 100, ಮೆಜೆಂಟಾ 60 ಹಾಕಿ, ಕತ್ತಲು ಬೇಕಾದಷ್ಟು ಕಪ್ಪು ಸೇರಿಸಿ. ಈ ಅಂಕಿಗಳನ್ನು ಸ್ಕ್ರೈಬಸ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಕೊಟ್ಟು ಪಿಡಿಎಫ್ ಮಾಡಬಹುದು. ಪೂರ್ತಿ ಪ್ರಿಂಟ್‌ಗೆ ಮುಂಚೆ ಅಂಗೈಯಗಲದ ತುಂಡೊಂದನ್ನು ಅದೇ ವಿನೈಲ್ (ಅಂಟಿಸುವ ಪ್ಲಾಸ್ಟಿಕ್ ಹಾಳೆ) ಮೇಲೆ ಮಾಡಿಸಿ. ಕ್ಯಾಬಿನೆಟ್ ಇಡುವ ಜಾಗದ ಬೆಳಕಿನಲ್ಲೇ ಹಿಡಿದು ನೋಡಿ.

ಸುತ್ತ 2 ಸೆಂ.ಮೀ. ಚಿತ್ರ ಜಾಸ್ತಿ ಬಿಡಿ. ಪುಸ್ತಕಕ್ಕೆ ಬಿಡುವ 3 ಮಿ.ಮೀ. ಇಲ್ಲಿ ಸಾಲದು, ಏಕೆಂದರೆ ಹಲಗೆಗೆ ಅಂಟಿಸಿದ ಮೇಲೆ ಬ್ಲೇಡಿನಲ್ಲಿ ಅಂಚು ಕತ್ತರಿಸುವವರು ನೀವೇ.

ಪ್ರಶ್ನೆ ಕೇಳಿದವರು

ಆಕಾಶವನ್ನು ಮತ್ತೆ ಬಿಡಿಸುತ್ತಿದ್ದೇನೆ. ಬಟನ್ ಪ್ಯಾನೆಲ್ಲಿನ ಹೊದಿಕೆ ಇನ್ನೂ ಪ್ರಿಂಟ್ ಆಗಿಲ್ಲ. ಅದರಲ್ಲಿ ಏನಾದರೂ ನೋಡಿಕೊಳ್ಳಬೇಕೇ?

ಉತ್ತರ

ಅದನ್ನು ಹತ್ತಿರದಿಂದ ನೋಡುತ್ತೀರಿ, ಇಂಚಿಗೆ 300 ಪಿಕ್ಸೆಲ್ ಇರಲಿ. 30 ಮಿ.ಮೀ. ತೂತಿನ ಬಟನ್‌ಗೆ ಅಂಚಿನ ಬಳೆ ಅದಕ್ಕಿಂತ ಅಗಲ ಇರುತ್ತದೆ. ಬರಹವನ್ನು ತೂತಿನ ಅಂಚಿಗಲ್ಲ, ಬಳೆಯ ಅಂಚಿಗೆ ಅಳೆದು ಇಡಿ. ಅಂಗೈ ಊರುವ ಜಾಗದಲ್ಲಿ ಮುಖ್ಯವಾದ ಚಿತ್ರ ಬೇಡ, ಆಡುವಾಗ ಕಾಣುವುದಿಲ್ಲ. ಮೊದಲು ಸಾದಾ ಕಾಗದದಲ್ಲಿ ಅಸಲಿ ಅಳತೆಗೆ ಪ್ರಿಂಟ್ ತೆಗೆದು ಪ್ಯಾನೆಲ್ ಮೇಲೆ ಹರಡಿ, ಕೈಯಿಟ್ಟು ನೋಡಿ.

ಪ್ರಶ್ನೆ ಕೇಳಿದವರು

ಕಾಗದ ಹರಡಿ ನೋಡಿದೆ. ಒಂದನೇ ಆಟಗಾರನ ಹೆಸರು ಸರಿಯಾಗಿ ಬಟನ್ ಬಳೆಯ ಕೆಳಗೆ ಹೋಗುತ್ತಿತ್ತು. ಎರಡು ಸೆಂ.ಮೀ. ಮೇಲಕ್ಕೆ ಸರಿಸಿದ್ದೇನೆ. ಮಾರ್ಕೀಗೆ ಕಪ್ಪು ಹಾಳೆಯೂ ಕೂತಿತು. ನಿನ್ನೆ ರಾತ್ರಿ ಕೋಣೆಯ ಲೈಟ್ ಆರಿಸಿ ನೋಡಿದೆ, ಅಕ್ಷರ ಬಿಟ್ಟು ಬೇರೆಲ್ಲೂ ಬೆಳಕು ಸೋರಲಿಲ್ಲ. ನೀಲಿಯ ತುಂಡು ಪ್ರಿಂಟ್ ನಾಳೆ ಬರುತ್ತದೆ. ನೋಡಿ ಇಲ್ಲೇ ಬರೆಯುತ್ತೇನೆ.