ಸ್ಟುಟ್‌ಗಾರ್ಟಿನ ಮನೆಗೆ ನಮ್ಮ ಬಿದಿರಿನ ನಕ್ಷತ್ರ

ಮನೆಯವರ ಈ ಗುಂಪಿನ ಎಲ್ಲರಿಗೂ ನಮಸ್ಕಾರ. ಇಷ್ಟು ವಿಷಯವನ್ನು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುವ ತಾಳ್ಮೆ ನನಗಿಲ್ಲ, ಆದ್ದರಿಂದ ಮಾತಿನಲ್ಲೇ ಕಳುಹಿಸುತ್ತಿದ್ದೇನೆ. ಬಿಡುವಿದ್ದಾಗ ಕೇಳಿ.

ಮಗಳೇ, ನಿನ್ನ ನೆರೆಮನೆಯ ಮಕ್ಕಳು ತಾವೇ ಮಾಡಿದ ಅಲಂಕಾರಗಳನ್ನು ಕ್ರಿಸ್ಮಸ್ ಮರಕ್ಕೆ ತೂಗುಹಾಕುತ್ತಾರೆ, ನಮ್ಮ ಇಬ್ಬರು ಮಕ್ಕಳಿಗೂ ಅಂಥದೊಂದು ಪದ್ಧತಿ ಬೇಕು, ಅದರಲ್ಲಿ ಮಂಗಳೂರಿನದೂ ಏನಾದರೂ ಇರಬೇಕು, ಏನು ಮಾಡಿಸಲಿ ಎಂದು ನಿನ್ನೆ ಕೇಳಿದ್ದೀ. ಅದರ ಕೆಳಗೇ ನಿನ್ನ ಚಿಕ್ಕಪ್ಪ, ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವಾಗ ಮನೆಯೆಲ್ಲ ಗೋಂದು ಮಾಡಿಕೊಳ್ಳುವುದೇಕೆ ಎಂದು ಬರೆದಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮರ ತುಂಬಿ ಕಾಣಬೇಕು ಎಂಬುದಷ್ಟೇ ಉದ್ದೇಶವಾದರೆ ಕೊಂಡು ತರುವುದೇ ಮೇಲು, ಏಕೆಂದರೆ ಮಕ್ಕಳ ಕೈಯಿಂದ ಇಡೀ ಮರವನ್ನು ತುಂಬಿಸಹೊರಟ ತಾಯಂದಿರು ಕೊನೆಗೆ ಮಕ್ಕಳನ್ನು ಮಲಗಿಸಿ ತಾವೇ ಕತ್ತರಿಸುತ್ತ, ಅಂಟಿಸುತ್ತ ಕೂತಿರುವುದನ್ನು ಸಾಕಷ್ಟು ನೋಡಿದ್ದೇನೆ. ನನ್ನ ಸಲಹೆ ಇಷ್ಟೇ: ಒಂದು ಮಗು ವರ್ಷಕ್ಕೆ ಒಂದೇ ಒಂದನ್ನು ಮಾಡಲಿ, ಅದನ್ನು ಆ ಮಗುವೇ ಮಾಡಿ ಮುಗಿಸಲಿ, ಹಿಂಬದಿಯಲ್ಲಿ ಹೆಸರನ್ನೂ ವರ್ಷವನ್ನೂ ಬರೆದು ಅವರವರ ಡಬ್ಬಿಗೆ ಸೇರಿಸು. ಮುಂದೆ ಬೇರೆ ಮನೆ ಮಾಡುವಾಗ ಆ ಡಬ್ಬಿ ಅವರ ಜೊತೆಗೇ ಹೋಗುತ್ತದೆ. ಉಳಿದ ಕೊಂಬೆಗಳಿಗೆ ಚಿಕ್ಕಪ್ಪ ಹೇಳಿದ ಡಜನ್ ಮಾಲು ಧಾರಾಳವಾಗಿ ಇರಲಿ.

ಮಂಗಳೂರಿನದು ಎಂದರೆ ಬಿದಿರಿನ ನಕ್ಷತ್ರವೇ. ನಮ್ಮ ಕರಾವಳಿಯಲ್ಲಿ ದೀಪಾವಳಿಗೆ ಗೂಡುದೀಪ ಕಟ್ಟುವುದಕ್ಕೂ ಡಿಸೆಂಬರಿನಲ್ಲಿ ನಕ್ಷತ್ರ ಕಟ್ಟುವುದಕ್ಕೂ ಬೇಕಾಗುವುದು ಅದೇ ಬಿದಿರು ಕಡ್ಡಿ, ಅದೇ ತೆಳು ಬಣ್ಣದ ಕಾಗದ, ಅದೇ ಮೈದಾ ಅಂಟು. ಅಲ್ಲಿ ಬಿದಿರು ಸೀಳಿ ಕೊಡುವವರು ಸಿಗಲಿಕ್ಕಿಲ್ಲ, ಆದರೆ ಮಾಂಸ ಚುಚ್ಚಿ ಸುಡುವ 30 ಸೆಂ.ಮೀ. ಉದ್ದದ ಬಿದಿರು ಕಡ್ಡಿಗಳು ಸಿಗುತ್ತವೆ, ಅವೇ ಸಾಕು. ಚೂಪು ತುದಿಗಳನ್ನು ನೀನೇ ಕತ್ತರಿಸಿ 29 ಸೆಂ.ಮೀ.ನ ಹತ್ತು ಕಡ್ಡಿ ಮಾಡಿಕೊಡು. ಪ್ರತಿ ಕಡ್ಡಿಯ ಎರಡೂ ತುದಿಗಳಿಂದ ಸುಮಾರು 11 ಸೆಂ.ಮೀ. ಅಳೆದು ಪೆನ್ಸಿಲಿನಲ್ಲಿ ಗುರುತು ಹಾಕಲು ದೊಡ್ಡವನಿಗೆ ಹೇಳು, ಕಡ್ಡಿಗಳು ಒಂದನ್ನೊಂದು ದಾಟುವುದು ಆ ಗುರುತುಗಳಲ್ಲೇ. ಪೆನ್ನೆತ್ತದೆ ನಕ್ಷತ್ರ ಬರೆಯುವ ಕ್ರಮದಲ್ಲಿ ಐದು ಕಡ್ಡಿಗಳನ್ನು ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯಿಸಿ, ಐದು ತುದಿಗಳನ್ನು ನೂಲಿನಿಂದ ಬಿಗಿದರೆ ಒಂದು ಚೌಕಟ್ಟು ಸಿದ್ಧವಾಗುತ್ತದೆ. ಅಂಥ ಎರಡು ಚೌಕಟ್ಟುಗಳನ್ನು ಜೋಡಿಸಿ ತುದಿಗಳನ್ನು ಕಟ್ಟಿ, ಒಳಗಿನ ಐದು ದಾಟುಗಳಲ್ಲಿ 5 ಸೆಂ.ಮೀ.ನ ಮೋಟು ಕಡ್ಡಿಗಳನ್ನು ಅಡ್ಡ ನಿಲ್ಲಿಸಿದಾಗ ನಕ್ಷತ್ರ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಮಕ್ಕಳ ಮುಖ ಅರಳುವುದು ಈ ಹಂತದಲ್ಲೇ. ಕಾಗದವನ್ನು ಒಂದೊಂದು ಮೂಲೆಗೂ ಬೇರೆ ತುಂಡಾಗಿ ಅಂಟಿಸಲಿ, ಇಡೀ ಹಾಳೆ ಹೊದಿಸಹೋದರೆ ಸುಕ್ಕು ತಪ್ಪದು. ಹಿಂದಿನ ಒಂದು ಮೂಲೆಯನ್ನು ತೆರೆದಿಟ್ಟು ಸಣ್ಣ ಎಲ್‌ಇಡಿ ಬಲ್ಬಿನ ಸರ ಇಳಿಬಿಡು. ಮೇಣದ ಬತ್ತಿಯ ಮಾತೇ ಬೇಡ. ಮರದ ಕೊಂಬೆಗೆ ಇದು ದೊಡ್ಡದಾದೀತು, ಕಿಟಕಿಗೆ ಕಟ್ಟಬಹುದು.

ನಕ್ಷತ್ರದ ಪದ್ಧತಿ ನೀನಿರುವ ಜರ್ಮನಿಯಲ್ಲೂ ಗಟ್ಟಿಯಾಗಿದೆ. ಹೆರ್ನ್‌ಹುಟ್ ನಕ್ಷತ್ರ ಎಂದು ಮಾರುತ್ತಾರಲ್ಲ, ಅದು ಹುಟ್ಟಿದ್ದು 19ನೆಯ ಶತಮಾನದ ಮೊದಲ ಭಾಗದಲ್ಲಿ ನೀಸ್ಕಿ ಎಂಬ ಊರಿನ ಮೊರೇವಿಯನ್ ಸಭೆ ಎಂಬ ಪ್ರೊಟೆಸ್ಟಂಟ್ ಪಂಗಡದ ಬಾಲಕರ ಶಾಲೆಯಲ್ಲಿ, ರೇಖಾಗಣಿತದ ಪಾಠವಾಗಿ. ಚೌಕ ಬುಡದ 17, ತ್ರಿಕೋನ ಬುಡದ 8, ಒಟ್ಟು 25 ಮೊನೆಗಳು. ಮಗ್ಗಿಗೆ ಮುಖ ಸಿಂಡರಿಸುವ ನಿನ್ನ ಮಗನನ್ನು ಮುಂದೆ ಯಾವಾಗಲಾದರೂ ಅದರ ಮುಂದೆ ಕೂರಿಸಿ ನೋಡು. ಹುಲ್ಲಿನ ನಕ್ಷತ್ರ ಅದಕ್ಕಿಂತ ಸುಲಭ: ಹುಲ್ಲಿನ ಕಡ್ಡಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಉದ್ದಕ್ಕೆ ಸೀಳಿ, ಇಸ್ತ್ರಿ ಹಾಕಿ ಚಪ್ಪಟೆ ಮಾಡಿ, ನಡುವೆ ದಾರ ಬಿಗಿಯುವುದು. ಇಸ್ತ್ರಿ ನಿನ್ನ ಕೆಲಸ, ಕಟ್ಟುವುದು ಮಕ್ಕಳ ಕೆಲಸ.

ನಾಲ್ಕು ವರ್ಷದವಳಿಗೆ ಇವೆಲ್ಲ ಆಗದು. ಅವಳಿಗೆ ಉಪ್ಪುಹಿಟ್ಟು ಕೊಡು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಒಂದು ಲೋಟಕ್ಕಿಂತ ತುಸು ಕಡಿಮೆ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, ಅವಳಿಗೆ ಬೇಕಾದ ಆಕಾರ ಕತ್ತರಿಸಲು ಬಿಡು. ದಾರ ಪೋಣಿಸುವ ತೂತನ್ನು ಹಸಿಯಿರುವಾಗಲೇ ಮಾಡಬೇಕು, ಬೆಂದ ಮೇಲೆ ಕೊರೆಯಹೋದರೆ ಬಿರಿಯುತ್ತದೆ. ಓವನ್ ಅನ್ನು 100 ಡಿಗ್ರಿಯ ಸುತ್ತಮುತ್ತ ಇಟ್ಟು ಎರಡು ಮೂರು ಗಂಟೆ ಒಣಗಿಸು. ಅವಸರಪಟ್ಟು ಉರಿ ಏರಿಸಿದರೆ ಹಪ್ಪಳದಂತೆ ಉಬ್ಬಿ ಸೊಟ್ಟಗಾಗುತ್ತದೆ. ಇಲ್ಲೊಂದು ಎಚ್ಚರಿಕೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಹೀಟರ್ ಓಡುವ ನಿಮ್ಮ ಒಣ ಮನೆಯಲ್ಲಿ ಅದು ವರ್ಷಗಟ್ಟಲೆ ಉಳಿಯಬಹುದು, ಆದರೆ ಅದನ್ನು ಅಜ್ಜಿಗೆ ಉಡುಗೊರೆಯೆಂದು ಮಂಗಳೂರಿಗೆ ಕಳುಹಿಸಿದರೆ ಜೂನ್ ತಿಂಗಳ ಮಳೆಗೆ ಮೆತ್ತಗಾಗಿ ಕೈಗೆ ಅಂಟುತ್ತದೆ. ಕಳುಹಿಸಲೇಬೇಕೆಂದಿದ್ದರೆ ತೂತಿನ ಒಳಗೂ ಸೇರಿದಂತೆ ಎಲ್ಲ ಕಡೆ ವಾರ್ನಿಷ್ ಬಳಿದು ಗಾಳಿಯಾಡದ ಡಬ್ಬಿಯಲ್ಲಿಡು. ನಿಮ್ಮ ನಾಯಿಗೆ ಮಾತ್ರ ಆ ಹಿಟ್ಟು ಹಸಿಯಾಗಲಿ ಒಣಗಿದ್ದಾಗಲಿ ಸಿಗದಂತೆ ನೋಡಿಕೊ, ಅಷ್ಟು ಉಪ್ಪು ನಾಯಿಯ ಜೀವಕ್ಕೇ ಅಪಾಯ.

ಮಕ್ಕಳು ಮಾಡಿದ್ದನ್ನು ತಿದ್ದಬೇಡ. ಅವಳ ನಕ್ಷತ್ರಕ್ಕೆ ಏಳು ಮೂಲೆ ಬಂದರೆ ಏಳೇ ಇರಲಿ, ಕುರಿಮರಿಗೆ ಮೂರು ಕಾಲಾದರೆ ಮೂರೇ ಸಾಕು. ಅತಿಥಿಗಳಿಗೆ ಚಂದ ಕಾಣಲೆಂದು ರಾತ್ರೋರಾತ್ರಿ ನೇರ್ಪಡಿಸಿದರೆ ಬೆಳಿಗ್ಗೆ ಮಗು ಗುರುತು ಹಿಡಿಯದೆ ಇರುವುದಿಲ್ಲ, ಮರುವರ್ಷ ಕತ್ತರಿಯನ್ನು ನಿನ್ನ ಕೈಗೇ ಕೊಡುತ್ತದೆ. ಮಿನುಗುಪುಡಿಯನ್ನಂತೂ ಮನೆಯೊಳಗೆ ತರಬೇಡ, ಈಸ್ಟರ್ ಬಂದರೂ ಸೋಫಾದಿಂದ ಹೋಗುವುದಿಲ್ಲ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಇಡುವವರಾದರೆ ಅದರ ಹಸಿರು ಹುಲ್ಲಿಗಾಗಿ ಹತ್ತು ಹನ್ನೆರಡು ದಿನ ಮೊದಲು ಚಪ್ಪಟೆ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡಿ ಮಕ್ಕಳಿಂದ ರಾಗಿ ಬಿತ್ತಿಸು. ಅಲ್ಲಿಯ ಚಳಿಗೆ ಮೊಳಕೆ ತಡವಾಗಬಹುದು, ತಟ್ಟೆಯನ್ನು ಹೀಟರಿನ ಹತ್ತಿರದ ಕಿಟಕಿಯಲ್ಲಿಡು.

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದಕ್ಕೆ ಚೌಕಟ್ಟು, ಎರಡನೆಯದಕ್ಕೆ ಕಾಗದ ಎಂದು ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ದೀಪಾವಳಿಗೆ ತಂದ ಬಣ್ಣದ ಕಾಗದ ಇಲ್ಲಿ ಉಳಿದಿದೆ. ಅಣ್ಣನ ಮಗ ನವೆಂಬರ್ ಮಧ್ಯದಲ್ಲಿ ಆ ಕಡೆ ಹೊರಡುವವನಿದ್ದಾನೆ, ಮಡಚಿದರೆ ಗೆರೆ ಬೀಳುವುದರಿಂದ ಸುರುಳಿ ಸುತ್ತಿ ಅವನ ಕೈಯಲ್ಲಿ ಕೊಡುತ್ತೇನೆ. ಕೆಂಪು ಎಷ್ಟು, ಬಿಳಿ ಎಷ್ಟು, ಹಸಿರು ಬೇಕೋ ಬೇಡವೋ ಎಂಬುದನ್ನು ಮಕ್ಕಳನ್ನೇ ಕೇಳಿ ಶುಕ್ರವಾರದೊಳಗೆ ಇಲ್ಲಿಯೇ ಹಾಕು.