ಇಸಿ (ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್) ಬ್ಯಾಚ್ ಗುಂಪಿಗೆ ಬಂದ ಒಂದು ಪೋಸ್ಟರ್

[ಗಿರೀಶ ಒಂದು ಚಿತ್ರ ಹಾಕಿದ್ದಾನೆ: ‘6 ತಿಂಗಳ ವಿಎಲ್‌ಎಸ್‌ಐ (ಚಿಪ್ ಡಿಸೈನ್) ಕೋರ್ಸ್. 100% ಕೆಲಸ ಗ್ಯಾರಂಟಿ’]

ಗಿರೀಶ: ಮಗಳು ಇಸಿ ಐದನೇ ಸೆಮ್. ಇದಕ್ಕೆ ಸೇರಿಸಲಾ? ಫೀಸು ಒಂದೂವರೆ ಲಕ್ಷ ಹೇಳುತ್ತಿದ್ದಾರೆ.

ವಸುಧಾ: ಗ್ಯಾರಂಟಿ ಅಂತ ಬರೆದಿದ್ದರೆ ಅಲ್ಲೇ ಅನುಮಾನ ಪಡು. ಕೆಲಸ ಕೊಡುವವರು ನಾವು ಚಿಪ್ ಕಂಪನಿಯವರು, ಅವರಲ್ಲ.

ನಾಗರಾಜ: ಸರ್ಕಾರವೇ 85,000 ಎಂಜಿನಿಯರ್ ಬೇಕು ಅನ್ನುತ್ತಿದೆ. ಗುಜರಾತಿನ ಧೊಲೇರಾದಲ್ಲಿ ಟಾಟಾ ಫ್ಯಾಬ್, ಸಾನಂದದಲ್ಲಿ ಮೈಕ್ರಾನ್. ಸುಮ್ನೆ ಸೇರಿಸಿಬಿಡು.

ವಸುಧಾ: ಚಿಪ್ ತಯಾರಿಸುವ ಫ್ಯಾಬ್ ಬೇರೆ, ಅದರ ನಕ್ಷೆ ಮಾಡುವ ಡಿಸೈನ್ ಬೇರೆ ಮಾರಾಯ. ಸಾನಂದದ್ದು ಚಿಪ್ ಪ್ಯಾಕ್ ಮಾಡಿ ಟೆಸ್ಟ್ ಮಾಡುವ ಘಟಕ. ಫ್ಯಾಬ್‌ಗೆ ಕೆಮಿಕಲ್, ಮೆಕ್ಯಾನಿಕಲ್ ಓದಿದವರೂ ಬೇಕು. ಬೆಂಗಳೂರಲ್ಲಿ ಜಾಸ್ತಿ ಇರುವುದು ಡಿಸೈನ್, 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ. ಈ ಪೋಸ್ಟರ್‌ನಲ್ಲಿ ಫ್ಯಾಬ್ ಫೋಟೊ ಹಾಕಿ ಕೆಳಗೆ ವೆರಿಲಾಗ್, ಅಂದರೆ ಡಿಸೈನ್ ಬರೆಯುವ ಭಾಷೆ, ಕಲಿಸುತ್ತೇವೆ ಅಂದಿದ್ದಾರೆ.

ನಾಗರಾಜ: ಫೋಟೊದಲ್ಲಿ ಬಿಳಿ ಸೂಟ್ ನೋಡಿ ನಾನು ಕೋವಿಡ್ ವಾರ್ಡ್ ಅಂದುಕೊಂಡಿದ್ದೆ 😂

ಮಹಾಂತೇಶ: ನಾಗ್ಯಾ, 85,000 ಕೆಲಸದ ಲೆಕ್ಕ ಅಲ್ಲ. ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಲ್ಲಿ ಐದು ವರ್ಷಕ್ಕೆ ಇಷ್ಟು ಜನಕ್ಕೆ ತರಬೇತಿ ಕೊಡುವ ಗುರಿ. ಬೆಂಗಳೂರಿನ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರದಿಂದ ಕಾಲೇಜುಗಳಿಗೆ ಡಿಸೈನ್ ಮಾಡುವ ಸಾಫ್ಟ್‌ವೇರ್ ಟೂಲ್ ಸಿಗುತ್ತದೆ. ಹುಡುಗರ ಡಿಸೈನ್ ಮೊಹಾಲಿಯ ಸರ್ಕಾರಿ ಫ್ಯಾಬ್ ಎಸ್‌ಸಿಎಲ್‌ನಲ್ಲಿ 180 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ ಚಿಪ್ ಆಗುವುದೂ ಉಂಟು.

ವಸುಧಾ: ಹಾಗಾದರೆ ಇಂಟರ್‌ವ್ಯೂನಲ್ಲಿ ಯಾಕೆ ತಡವರಿಸುತ್ತಾರೆ? ಹೋದ ವಾರ ಒಬ್ಬ ಹುಡುಗ ಸೆಟಪ್ ಟೈಮ್, ಹೋಲ್ಡ್ ಟೈಮ್ (ಕ್ಲಾಕ್ ಮಿಡಿತದ ಮೊದಲು, ಆಮೇಲೆ ಡೇಟಾ ಎಷ್ಟು ಹೊತ್ತು ಬದಲಾಗದೆ ಇರಬೇಕು ಅನ್ನುವುದು) ಎರಡನ್ನೂ ಪುಸ್ತಕದಲ್ಲಿ ಇದ್ದಂಗೇ ಒಪ್ಪಿಸಿದ. ಚಿಪ್ ತಯಾರಾಗಿ ಬಂದ ಮೇಲೆ ಹೋಲ್ಡ್ ತಪ್ಪಿದ್ದು ಗೊತ್ತಾದರೆ ಏನು ಮಾಡುತ್ತೀಯ ಅಂದೆ. ‘ಕ್ಲಾಕ್ ನಿಧಾನ ಮಾಡುತ್ತೇನೆ ಮೇಡಂ.’ ಸೆಟಪ್ ಆಗಿದ್ದರೆ ಸರಿ. ಹೋಲ್ಡ್‌ಗೆ ಕ್ಲಾಕ್ ಎಷ್ಟು ನಿಧಾನ ಮಾಡಿದರೂ ಉಪಯೋಗ ಇಲ್ಲ. ಕೋಟಿಗಟ್ಟಲೆ ದುಡ್ಡಿನ ಚಿಪ್ ಕಸ.

ಮಹಾಂತೇಶ: ಅವನಿಗೆ ಅದನ್ನು ಹೇಳಿಕೊಡುವವರು ಯಾರು? ಪಾಠ ಮಾಡುವ ನಾನೇ ಒಂದು ಟೇಪ್‌ಔಟ್, ಅಂದರೆ ಡಿಸೈನ್ ಮುಗಿಸಿ ಫ್ಯಾಬ್‌ಗೆ ಕಳಿಸುವುದನ್ನು, ನೋಡಿಲ್ಲ. ಟೂಲ್ ಬಂದಿದೆ, ಅರವತ್ತು ಹುಡುಗರಿದ್ದಾರೆ, ಎರರ್ ಬಂದರೆ ನಾನೂ ಗೂಗಲ್ ಮಾಡುತ್ತೇನೆ. ಎರಡು ವರ್ಷದ ಹಿಂದೆ ಒಂದು ದಿನ ಬಾ ಅಂತ ನಿನ್ನನ್ನು ಕರೆದಿದ್ದೆ. ನೆನಪಿದೆಯಾ? ಇಂಟರ್‌ವ್ಯೂ ಮಾಡೋಕೆ ಬರುತ್ತೀರಿ, ಪಾಠಕ್ಕೆ ಬರಲ್ಲ.

[ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.]

ವಸುಧಾ: ಆಗ ನಿಜವಾಗಿಯೂ ಟೇಪ್‌ಔಟ್ ಇತ್ತು ಕಣೋ.

ಮಹಾಂತೇಶ: ಆಮೇಲೆ?

ನಾಗರಾಜ: 🍿

ಗಿರೀಶ: ನನ್ನ ಒಂದೂವರೆ ಲಕ್ಷ ಎಲ್ಲಿಗೆ ಬಂತು?

ವಸುಧಾ: ಜೇಬಲ್ಲೇ ಇರಲಿ. ವೆರಿಲಾಗ್ ಓಡಿಸಿ ನೋಡುವ ಸಾಫ್ಟ್‌ವೇರ್ ಐಕಾರಸ್ ವೆರಿಲಾಗ್ ಫ್ರೀ, ಅವಳ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಮೊದಲು ಒಂದು ಫೈಫೊ (ಮೊದಲು ಬಂದ ಡೇಟಾ ಮೊದಲು ಹೊರಗೆ ಹೋಗುವ ಸಾಲು) ಬರೆಯಲಿ. ಅದು ತುಂಬಿದ ಮೇಲೂ ಡೇಟಾ ತುರುಕಿದರೆ ಏನಾಗುತ್ತದೆ ಅಂತ ವೇವ್‌ಫಾರ್ಮ್ (ಸಿಗ್ನಲ್‌ಗಳ ಗ್ರಾಫ್) ತೆಗೆದು ನನಗೆ ತೋರಿಸಲಿ. ಅದರಲ್ಲಿ ತಪ್ಪು ಹುಡುಕುವುದು ಅವಳಿಗೆ ಖುಷಿ ಕೊಟ್ಟರೆ ಕೋರ್ಸ್ ಬಗ್ಗೆ ಮಾತಾಡೋಣ. ತಲೆನೋವು ಅನ್ನಿಸಿದರೆ ದುಡ್ಡು ಉಳಿಯಿತು, ಅಲ್ವಾ?

ಗಿರೀಶ: ಮಧ್ಯದಲ್ಲಿ ಸಿಕ್ಕಿಕೊಂಡರೆ? ನನಗೆ ಜಾವಾ ಬಿಟ್ಟು ಏನೂ ಬರಲ್ಲ.

ವಸುಧಾ: ಭಾನುವಾರ ರಾತ್ರಿ ಹತ್ತಕ್ಕೆ ವಿಡಿಯೊ ಕಾಲ್‌ಗೆ ಬರಲಿ. ಮಹಾಂತೇಶ, ನಿನ್ನ ಹುಡುಗರನ್ನೂ ಕಳಿಸು. ಹತ್ತು ಜನ ಮೀರಬಾರದು.

ಮಹಾಂತೇಶ: ಹದಿನೈದು.

ವಸುಧಾ: ಹನ್ನೆರಡು.

ಮಹಾಂತೇಶ: ಆಯ್ತು. ಆದರೆ ಎಂಟಕ್ಕೆ ಇಡು. ಹತ್ತಕ್ಕೆ ಹಾಸ್ಟೆಲ್‌ನಲ್ಲಿ ವೈಫೈ ತೆಗೆಯುತ್ತಾರೆ.