ಸಹಾಯ ಬೇಕು: ಹಳ್ಳದ ಹುಳ ಗುರುತಿಸಲು ಬರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಖಾನಾಪುರ ತಾಲ್ಲೂಕಿನಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ನಮ್ಮೂರ ಹಳ್ಳ ಮುಂದೆ ಮಲಪ್ರಭೆಗೆ ಸೇರುತ್ತದೆ. ಮಳೆ ನಿಂತ ಮೇಲೆ ಮಕ್ಕಳ ಜೊತೆ ಅದರ ತಳದ ಹುಳಗಳನ್ನು ನೋಡುತ್ತಿದ್ದೇನೆ. ಹಳ್ಳದ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿದರೆ ಆ ದಿನದ ಸ್ಥಿತಿ ಮಾತ್ರ ತಿಳಿಯುತ್ತದೆ. ಈ ಹುಳಗಳು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ, ನೀರು ಕೆಟ್ಟರೆ ಅವುಗಳಲ್ಲಿ ಸೂಕ್ಷ್ಮವಾದವು ಸಾಯುತ್ತವೆ. ಹಾಗಾಗಿ ಯಾವ ಹುಳ ಉಳಿದಿದೆ ಎಂದು ನೋಡಿದರೆ ನೀರು ಹೇಗಿದೆ ಎಂದು ಗೊತ್ತಾಗುತ್ತದೆ.

ಊರಿನ ಮೇಲ್ಭಾಗದಲ್ಲಿ ಕಲ್ಲು ಎತ್ತಿದರೆ ಮೇಫ್ಲೈ (ಮರಿಯಾಗಿ ನೀರಲ್ಲಿ ಬೆಳೆದು ಆಮೇಲೆ ಹಾರುವ ಕೀಟ) ಮರಿಗಳು ಸಿಗುತ್ತವೆ. ಹೊಟ್ಟೆಯ ಎರಡೂ ಬದಿ ಕಿವಿರು ಅಲುಗುತ್ತಿರುತ್ತದೆ. ಮರಳಿನ ಕಣ ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್‌ಫ್ಲೈ ಎಂಬ ಇನ್ನೊಂದು ಕೀಟದ ಮರಿ ನೋಡಿ ಮಕ್ಕಳು ಕುಣಿದಾಡಿದರು! ಇಂಥವಕ್ಕೆ ಆಮ್ಲಜನಕ ಜಾಸ್ತಿ ಇರುವ ನೀರು ಬೇಕು. ಚರಂಡಿ ಬಂದು ಸೇರುವ ಜಾಗದ ಕೆಳಗೆ ಬರೀ ಕೆಂಪು ಹುಳ. ಅವುಗಳ ಮೈಯಲ್ಲಿ ಆಮ್ಲಜನಕ ಹಿಡಿದಿಡುವ ಹಿಮೋಗ್ಲೋಬಿನ್ ಇರುವುದರಿಂದ ಕೊಳೆತ ಕೆಸರಿನಲ್ಲೂ ಬದುಕುತ್ತವೆ. ನೋಡಿ ಬಹಳ ಸಂಕಟ ಆಯಿತು. ನಾವು ಚಿಕ್ಕವರಿದ್ದಾಗ ಅಲ್ಲೇ ಈಜುತ್ತಿದ್ದೆವು.

ಈಗ ಒಂದು ಕಡೆ ಸಿಕ್ಕಿಬಿದ್ದಿದ್ದೇನೆ. ಮರಿಗೆ ಎರಡು ಬಾಲ ಇದ್ದರೆ ಸ್ಟೋನ್‌ಫ್ಲೈ (ಇದೂ ಒಳ್ಳೆ ನೀರಲ್ಲಿ ಬೆಳೆಯುವ ಕೀಟ) ಅಂತಾರೆ. ಆದರೆ ಎರಡು ಬಾಲದ ಮೇಫ್ಲೈ ಕೂಡ ಇವೆ ಅಲ್ವಾ? ಕಾಲಿನ ತುದಿಯಲ್ಲಿ ಉಗುರು ಒಂದಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ. ನಮ್ಮ ಭೂತಗನ್ನಡಿಯಲ್ಲಿ ಅದು ಕಾಣುವುದಿಲ್ಲ. ಬೆಳಗಾವಿಯಲ್ಲಿ ಯಾರಾದರೂ ಒಂದು ದಿನ ಮೈಕ್ರೋಸ್ಕೋಪ್ ಕೊಡಬಹುದಾ?

ಇನ್ನೊಂದು. ಕೊಳಕು ತಾಳದ ಹುಳಕ್ಕೆ ಹೆಚ್ಚು, ತಾಳುವ ಹುಳಕ್ಕೆ ಕಡಿಮೆ ಎಂದು ಹುಳದ ಕುಟುಂಬಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಬಿಎಂಡಬ್ಲ್ಯೂಪಿ ಪಟ್ಟಿ ಬ್ರಿಟನ್ನಿನ ನದಿಗಳಿಗೆ ಮಾಡಿದ್ದು. ಅದನ್ನು ನಮ್ಮ ಘಟ್ಟದ ಹಳ್ಳಗಳಿಗೆ ಹೊಂದಿಸಿಕೊಂಡು ಬಳಸಿದವರು ಇದ್ದರೆ ದಯವಿಟ್ಟು ತಿಳಿಸಿ. ಫೋಟೋ ಕಳಿಸುತ್ತೇನೆ.